ಸ್ಕೇಲ್ ಪಟ್ಟಿ ಸಾಹೇಬರಿಗೆ

ಇವತ್ತು ಬೆಳಿಗ್ಗೆ ಕೆರೆ ಬಯಲಲ್ಲಿ ನನ್ನ ಕೆಂಪು ಕಾಮೆಟ್ ಮಾದರಿ ವಿಮಾನ ಎರಡು ಸುತ್ತು ಹಾಕಿ ಬೆಣ್ಣೆ ಥರ ಇಳೀತು. ಹದಿನಾಲ್ಕು ತಿಂಗಳ ಕೆಲಸ. ಟ್ರಾನ್ಸ್‌ಮಿಟರ್ ಇನ್ನೂ ಕೆಳಗಿಟ್ಟಿರಲಿಲ್ಲ, ಕೈ ನಡುಗ್ತಾನೇ ಇತ್ತು, ಹಿಂದಿಂದ ಒಂದು ದನಿ: "ಸಾರ್, ಬಾಲ ಸ್ವಲ್ಪ ದೊಡ್ಡದಾಯ್ತಲ್ವಾ? ಸ್ಕೇಲ್ ಪ್ರಕಾರ ಇಲ್ಲ."

ಫೋನಲ್ಲಿ ಅಸಲಿ ವಿಮಾನದ ಡ್ರಾಯಿಂಗ್ ತೆಗೆದಿಟ್ಕೊಂಡೇ ಬಂದಿದ್ರು ಪುಣ್ಯಾತ್ಮರು. ವಿಮಾನ ಹಾರಿದ್ದು ನೋಡಿದ್ರೋ ಇಲ್ವೋ!

ನನಗೆ ಕಾಮೆಟ್ ಹುಚ್ಚು, ಸ್ವಲ್ಪ ಸಹಿಸ್ಕೊಳ್ಳಿ. 1934ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಮಿಲ್ಡನ್‌ಹಾಲ್‌ನಿಂದ ಮೆಲ್ಬರ್ನ್‌ಗೆ ವಿಮಾನಗಳ ರೇಸ್. ಅದಕ್ಕಂತಲೇ ಡಿ ಹ್ಯಾವಿಲ್ಯಾಂಡ್ ಕಂಪನಿಯವರು ಡಿಎಚ್ 88 ಕಾಮೆಟ್ ಅನ್ನೋ ಮರದ ವಿಮಾನ ಮೂರು ಮಾಡಿದ್ರು. ಕೆಂಪು ಬಣ್ಣದ್ದನ್ನ ಸ್ಕಾಟ್, ಕ್ಯಾಂಪ್‌ಬೆಲ್ ಬ್ಲ್ಯಾಕ್ ಅನ್ನೋ ಪೈಲಟ್‌ಗಳು ಸೇರಿ ಸುಮಾರು 71 ಗಂಟೆಯಲ್ಲಿ ಮುಟ್ಟಿಸಿ ಗೆದ್ರು. ಕಪ್ಪು ಬಣ್ಣದ್ದರಲ್ಲಿದ್ದ ಮೋಲಿಸನ್ ದಂಪತಿಗೆ ನಮ್ಮ ಅಲಹಾಬಾದಲ್ಲೇ ಎಂಜಿನ್ ಕೈಕೊಡ್ತು. ನನಗೆ ಇದರಲ್ಲಿ ತೀರಾ ಇಷ್ಟ ಅಂದ್ರೆ ಪ್ರೊಪೆಲ್ಲರ್. ಹೊರಡೋ ಮುಂಚೆ ಸೈಕಲ್ ಪಂಪ್‌ನಲ್ಲಿ ಗಾಳಿ ತುಂಬಬೇಕು, ವೇಗ ಬಂದ್ಮೇಲೆ ಗಾಳಿ ಬಿಟ್ಕೊಂಡು ಅಲಗುಗಳ ಕೋನ ಬದಲಾಗುತ್ತೆ. ಮತ್ತೆ ಮೊದಲಿನ ಹಾಗೆ ಆಗ್ಬೇಕಂದ್ರೆ ಇಳಿದು ಪಂಪ್ ಹೊಡೀಬೇಕು! ಅಂಥ ವಿಮಾನದ ಮುಂದೆ ನಿಂತು ಮಿಲಿಮೀಟರ್ ಲೆಕ್ಕ ಹಾಕ್ತಾರಲ್ಲ, ಏನು ಹೇಳೋಣ.

ಸಾಹೇಬ್ರೇ, ಅಸಲಿನ ರೆಕ್ಕೆ 44 ಅಡಿ. ನಂದು ಎಂಟನೇ ಒಂದು ಭಾಗ, ಐದೂವರೆ ಅಡಿ. ರೆಕ್ಕೇನ ಎಂಟನೇ ಒಂದು ಮಾಡಬಹುದು, ಗಾಳೀನ ಮಾಡಕ್ಕಾಗಲ್ಲ. ಕಾಮೆಟ್‌ನ ರೆಕ್ಕೆ ತುದಿಗೆ ಹೋಗ್ತಾ ಚೂಪಾಗುತ್ತೆ. ವೇಗ ಕಮ್ಮಿಯಾದ್ರೆ ತುದಿಯೇ ಮೊದಲು ಸ್ಟಾಲ್ ಆಗಿ, ಅಂದ್ರೆ ಎತ್ತೋ ಶಕ್ತಿ ಕಳ್ಕೊಂಡು, ವಿಮಾನ ಮಗುಚಿಬಿಡುತ್ತೆ. ದೊಡ್ಡದರಲ್ಲೇ ಈ ಕಾಟ ಇತ್ತು, ಚಿಕ್ಕದರಲ್ಲಿ ಕೇಳ್ಬೇಕಾ? ಅದಕ್ಕೇ ರೆಕ್ಕೆ ತುದಿಯ ರಿಬ್‌ನ (ಒಳಗಿನ ಅಡ್ಡಪಟ್ಟಿ) ಹಿಂದಂಚಿನ ಕೆಳಗೆ ಐದು ಮಿಲಿಮೀಟರ್ ಬಾಲ್ಸಾ ಮರದ ಚೂರಿಟ್ಟು, ರೆಕ್ಕೆಗೆ ಒಂದು ತಿರುಚು ಕೊಟ್ಟು ಅಂಟಿಸ್ದೆ. ಹಾರಾಟ ಸ್ಥಿರವಾಗಿರಲಿ ಅಂತ ಬಾಲಾನೂ ದೊಡ್ಡದು ಮಾಡ್ದೆ. ಬೇಕಂತ ಮಾಡಿದ್ದು ಸ್ವಾಮಿ, ಕಣ್ತಪ್ಪಿ ಅಲ್ಲ.

ಸ್ಪರ್ಧೆಗೆ ಹೋದ್ರೆ ಅಂಕ ಕಳೀತಾರೆ ಅಂದ್ರು. ಕಳೀಲಿ. ನಾನು ಹೋಗಲ್ಲ. ಇನ್ನೊಂದು ಮಾತು, ಇಂಗ್ಲೆಂಡಿನ ಓಲ್ಡ್ ವಾರ್ಡನ್‌ ಮ್ಯೂಸಿಯಂನಲ್ಲಿ ಇವತ್ತಿಗೂ ಇರೋ ಆ ಅಸಲಿ ಕೆಂಪು ಕಾಮೆಟ್‌ಗೆ ಬಾಲದ ಕೆಳಗೆ ರೇಸ್ ದಿನದ ಟೇಲ್ ಸ್ಕಿಡ್ (ನೆಲಕ್ಕೆ ಉಜ್ಜೋ ಊರುಗೋಲು) ಇಲ್ಲ, ಚಕ್ರ ಇದೆ. ಅದನ್ನೂ ಹೋಗಿ ತಿದ್ದಿ ಬರ್ತೀರಾ?

ಈಗ ನಿಜ ಹೇಳ್ತೀನಿ. ನನ್ನ ಮೊದಲ್ನೇ ಕಾಮೆಟ್ ಡ್ರಾಯಿಂಗ್‌ನಲ್ಲಿದ್ದ ಹಾಗೇ ಇತ್ತು, ಕೂದಲೆಳೆ ವ್ಯತ್ಯಾಸ ಇರಲಿಲ್ಲ. ಮೂರನೇ ಹಾರಾಟದಲ್ಲಿ, ಇಳಿಸೋಕೆ ತಿರುಗಿಸಿದಾಗ ಎಡರೆಕ್ಕೆ ಕುಸೀತು. ರಾಗಿ ಹೊಲದಲ್ಲಿ ಚೂರು ಹೆಕ್ಕಿ ಬಿಗ್ ಶಾಪರ್‌ಗೆ ತುಂಬ್ಕೊಂಡು ಬಂದೆ. "ಇಷ್ಟು ಬೇಗ ಬಂದ್ರಿ?" ಅಂದಳು ನನ್ನಾಕೆ. ಮಾತಾಡದೆ ಬ್ಯಾಗನ್ನ ಮಂಚದ ಕೆಳಗೆ ತಳ್ಳಿದೆ. ಇವತ್ತಿಗೂ ಅಲ್ಲೇ ಇದೆ.

ಈ ಕಥೆ ಆ ಸಾಹೇಬ್ರಿಗೆ ಹೇಳೋಣ ಅನ್ನಿಸ್ತು, ಅಷ್ಟರಲ್ಲಿ ಸ್ಕೂಟರ್ ಹತ್ತಿದ್ರು. ಹೋಗ್ತಾ ಹೋಗ್ತಾ, "ಬಾಲದ ಮೇಲಿನ ರೇಸ್ ನಂಬರ್ 34 ಒಂಚೂರು ಓರೆ ಇದೆ ನೋಡಿ ಸಾರ್" ಅಂತ ಬೇರೆ.

ಮನೆಗೆ ಬಂದು ಸ್ಕೇಲ್ ಪಟ್ಟಿ ಇಟ್ಟು ನೋಡ್ದೆ.

ಓರೆ ಇದೆ.