ಉಪ್ಪಾಗೆ ಕ್ಯಾಪ್ಸೂಲ್ ಆದ ಮೇಲೆ

ಹೋದ ತಿಂಗಳು ಶಿರಸಿಯ ಮನೆಗೆ ಹೋದಾಗ ಅಪ್ಪಯ್ಯನ ಔಷಧಿ ಡಬ್ಬಿ ತೆಗೆದು ನೋಡಿದೆ. ಎದೆ ಧಸಕ್ಕೆಂದಿತು. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು. ರಾತ್ರಿ ತಗೊಳ್ಳಬೇಕಾದ ಅಟೋರ್ವಾಸ್ಟಾಟಿನ್, ಅಂದರೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಮಾತ್ರೆಯ ಆರು ಸ್ಟ್ರಿಪ್ ಹಾಗೇ ಕೂತಿದ್ದವು. ಪಕ್ಕದಲ್ಲಿ ಹಸಿರು ಮುಚ್ಚಳದ ಹೊಸ ಡಬ್ಬಿ. ಕೊಲೆಸ್ಟ್ರಾಲ್ ಇಳಿಸುವ ಗಿಡಮೂಲಿಕೆ ಸತ್ವವಂತೆ. ಕೇಳಿದರೆ, "ಇದು ನಮ್ಮ ಉಪ್ಪಾಗೆದೇ ತಮಾ, ಎಂತೂ ಆಗ್ತಿಲ್ಲೆ" ಅಂದರು.

ಉಪ್ಪಾಗೆ ಅಂದರೆ ನಮ್ಮ ಕಡೆಯವರಿಗೆ ಅನುಮಾನ ಬರುವುದಾದರೂ ಹೇಗೆ? ಜಡಿಮಳೆಯಲ್ಲಿ ಬೆಟ್ಟದಿಂದ ಹೊತ್ತು ತಂದ ಹುಳಿ ಹಣ್ಣು. ಒಡೆದು ಬೀಜ ಬೇರೆ, ಸಿಪ್ಪೆ ಬೇರೆ. ಬಿಸಿಲೇ ಕಾಣದ ದಿನಗಳಲ್ಲಿ ಸಿಪ್ಪೆಯನ್ನು ಬೆಂಕಿಯ ಮೇಲೆ ತಟ್ಟಿ ಕಟ್ಟಿ ಒಣಗಿಸಬೇಕು. ಅದು ಹೊಗೆ ಕುಡಿದು ಕಪ್ಪಾಗುತ್ತದೆ. ನನ್ನ ಆಯಿಯ ಸೀರೆಗೆಲ್ಲ ಆಷಾಢ ಪೂರ್ತಿ ಅದೇ ಹುಳಿಹೊಗೆ ವಾಸನೆ. ಬೀಜದ ತುಪ್ಪ ದೋಸೆಗೆ. ಸಿಪ್ಪೆ ವ್ಯಾಪಾರಿಗೆ. ಮುಂದೆ ಅದರ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತೆಗೆದು, ಗಾರ್ಸಿನಿಯಾ ಅಂತ ಹೆಸರಿಟ್ಟು ಕ್ಯಾಪ್ಸೂಲ್ ಮಾಡುತ್ತಾರೆ.

ಈ ಆಮ್ಲದ ಕಥೆ ಪೂರ್ತಿ ಸುಳ್ಳಲ್ಲ. ಲಿವರ್ ಕೊಲೆಸ್ಟ್ರಾಲ್ ತಯಾರಿಸಲು ಬಳಸುವ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಅದೇ ಕಿಣ್ವವನ್ನು ತಡೆಯುವ ಬೆಂಪೆಡೋಯಿಕ್ ಆಮ್ಲ ಎಂಬ ಮಾತ್ರೆಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿದೆ. ಆದರೆ ಆ ಮಾತ್ರೆ ಬೇರೆಯದೇ ವಸ್ತು, ಸಾವಿರಾರು ರೋಗಿಗಳ ಮೇಲೆ ಪರೀಕ್ಷೆಯಾಗಿ ಬಂದದ್ದು. ಗಾರ್ಸಿನಿಯಾದ ಪರೀಕ್ಷೆ ನಡೆದದ್ದು ಹೆಚ್ಚಾಗಿ ತೂಕ ಇಳಿಸುವುದಕ್ಕೆ. 1998ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 135 ಜನರಲ್ಲಿ ಕೆಲವರಿಗೆ ಅದನ್ನು, ಉಳಿದವರಿಗೆ ಔಷಧಿಯಿಲ್ಲದ ಸುಳ್ಳುಮಾತ್ರೆಯನ್ನು 12 ವಾರ ಕೊಟ್ಟು ನೋಡಿದರು. ಎರಡಕ್ಕೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಮೇಲಿಂದ, ಇಂಥ ಕ್ಯಾಪ್ಸೂಲ್ ತಿಂದು ಲಿವರ್ ಕೆಟ್ಟವರ ವರದಿಗಳಿವೆ.

ಬೆಳ್ಳುಳ್ಳಿ, ಅರಿಶಿನ, ದಾಲ್ಚಿನ್ನಿ ಕ್ಯಾಪ್ಸೂಲ್‌ಗಳದ್ದೂ ಇದೇ ಹಾಡು. 2022ರಲ್ಲಿ ಅಮೆರಿಕದಲ್ಲಿ 28 ದಿನ ಹೋಲಿಸಿ ನೋಡಿದಾಗ ಬರೀ 5 ಮಿಲಿಗ್ರಾಂ ರೋಸುವಾಸ್ಟಾಟಿನ್ (ಇದೂ ಒಂದು ಸ್ಟಾಟಿನ್ನೇ) ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಅನ್ನು ಸುಮಾರು 38% ಇಳಿಸಿತು. ಇವು ಮೂರೂ ಸುಳ್ಳುಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ.

ತಂಬುಳಿ, ಕಷಾಯ ಬಿಡಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ನಾನೇ ದಿನಾ ಕುಡಿಯುತ್ತೇನೆ. ನನಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ನಮ್ಮ ಬೆಟ್ಟದ ಹೆಸರು ಹೇಳಿ, ಸ್ಟೆಂಟ್ ಹಾಕಿದ ಮನುಷ್ಯನ ಕೈಯಿಂದ ಮಾತ್ರೆ ಬಿಡಿಸುತ್ತಾರಲ್ಲ, ಅದಕ್ಕೆ. ಸ್ಟಾಟಿನ್ ಬರೀ ರಿಪೋರ್ಟಿನ ಅಂಕಿ ಇಳಿಸುವುದಲ್ಲ. ರಕ್ತನಾಳದ ಒಳಗೋಡೆಗೆ ಕಟ್ಟಿಕೊಂಡ ಕೊಬ್ಬು ಒಡೆಯದಂತೆಯೂ ಹಿಡಿದಿಡುತ್ತದೆ. ಅದು ಒಡೆದರೇ ಅಲ್ವಾ ಹೃದಯಾಘಾತ?

ಅಪ್ಪಯ್ಯನ ಎಲ್‌ಡಿಎಲ್ 66 ಇದ್ದದ್ದು ಎರಡೇ ತಿಂಗಳಲ್ಲಿ 139 ಆಗಿತ್ತು. ಡಾಕ್ಟರು ಬೈಯಲಿಲ್ಲ. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದರು. ಲಿವರ್ ಪರೀಕ್ಷೆಯನ್ನೂ ಬರೆದುಕೊಟ್ಟರು. ಪುಣ್ಯಕ್ಕೆ ಅದು ಸರಿಯಿತ್ತು.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಬಚ್ಚಿಡಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಚೀಲದಲ್ಲಿ ಹಾಕಿಕೊಂಡು ಹೋಗಿ, ಮೇಜಿನ ಮೇಲಿಟ್ಟು ತೋರಿಸಿ. ಅಪ್ಪಯ್ಯ ಈಗ ರಾತ್ರಿ ಊಟವಾದ ಮೇಲೆ ಮಾತ್ರೆ ನುಂಗಿ ನನಗೊಂದು ಫೋನ್ ಮಾಡುತ್ತಾರೆ.