ಮನೆ ಗೊತ್ತಿರಬಾರದು, ಮಳೆ ಗೊತ್ತಿರಬೇಕು

ಹೋದ ವಾರ ದೂರದ ಸಂಬಂಧದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಮೊದಲು ಕಾಫಿ ರೇಟ್ ಕೇಳಿದಳು, ಆಮೇಲೆ ನಮ್ಮ ಅತ್ತೆಯ ಮಂಡಿನೋವು ವಿಚಾರಿಸಿದಳು. ಇನ್ನೇನು ಫೋನ್ ಇಡಬೇಕು ಅನ್ನುವಾಗ ದನಿ ತಗ್ಗಿಸಿದಳು. "ಚಿಕ್ಕಮ್ಮಾ, ನೀವು ಯಾರ ಹತ್ರಾನೋ ಥೆರಪಿ ತಗೊಂಡಿದ್ರಲ್ವಾ, ಅವರ ನಂಬರ್ ಕೊಡ್ತೀರಾ? ಮಡಿಕೇರಿಯವರಾದ್ರೆ ಬೇಡ."

ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಇಷ್ಟರವರೆಗೆ ನನ್ನ ಹತ್ತಿರ ಹೀಗೆ ನಂಬರ್ ಕೇಳಿದವರು ಏಳು ಜನ. ವಿರಾಜಪೇಟೆ ಕಡೆಯವರು ವಿರಾಜಪೇಟೆ ಬೇಡ ಅಂದರು. ಕುಶಾಲನಗರದವರು ಕುಶಾಲನಗರ ಬೇಡ ಅಂದರು. ನನಗೆ ಆಶ್ಚರ್ಯ ಆಗಲಿಲ್ಲ. ನಾನೂ ಹಾಗೇ ಅಂದವಳು.

ನಮ್ಮ ಕೊಡಗಿನಲ್ಲಿ ಹೊಸಬರು ಸಿಕ್ಕಿದರೆ ಹೆಸರು ಕೇಳುವ ಮೊದಲು "ಯಾವ ಮನೆಯವರು?" ಅಂತ ಕೇಳುತ್ತೇವೆ. ಮನೆ ಹೆಸರು ಹೇಳಿದರೆ ಸಾಕು, ಅಜ್ಜ ಯಾರು, ತೋಟ ಎಲ್ಲಿ, ಯಾರ ಮಗಳನ್ನು ಯಾರಿಗೆ ಕೊಟ್ಟಿದ್ದಾರೆ ಎಲ್ಲಾ ಗೊತ್ತಾಗಿಬಿಡುತ್ತೆ. ಮದುವೆ, ಸಾವು, ಕಷ್ಟ ಯಾವುದೇ ಇರಲಿ, ಈ ಗುರುತು ನಮ್ಮನ್ನು ಕಾಪಾಡಿದೆ. 2018ರಲ್ಲಿ ಗುಡ್ಡ ಕುಸಿದಾಗ ಕಾಪಾಡಿದ್ದೂ ಅದೇ. ಆದರೆ ಮನಸ್ಸಿನ ಡಾಕ್ಟರ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿರುವಾಗ ಅದೇ ಗುರುತು ಕುತ್ತಿಗೆ ಹಿಡಿಯುತ್ತೆ. ನಮ್ಮ ಜೀಪು ಎಲ್ಲಿ ನಿಂತಿದೆ ಅನ್ನುವುದು ನಾವು ಮನೆ ಮುಟ್ಟುವ ಮೊದಲೇ ಮನೆಯವರಿಗೆ ಗೊತ್ತಿರುತ್ತೆ.

ನನ್ನ ಕಥೆ ಹೇಳುತ್ತೇನೆ. ನಮ್ಮದು ಮಾದಾಪುರ ಕಡೆ, ನಾಲ್ಕೆಕರೆ ರೋಬಸ್ಟಾ ಕಾಫಿ, ನಡುವೆ ಮೆಣಸಿನ ಬಳ್ಳಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಅಂತ ಒಂದೊಂದೇ ಹೆಸರು ಟೀವಿಯಲ್ಲಿ ಬರುತ್ತಿದ್ದಾಗ ನಾವು ಪರಿಹಾರ ಕೇಂದ್ರದ ಜಮಖಾನದ ಮೇಲೆ ಕೂತಿದ್ದೆವು. ನಮ್ಮ ಮನೆ ಉಳಿಯಿತು. ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು, ಅರ್ಧ ಜರಿದು ಹಲಸಿನ ಮರದ ಬುಡಕ್ಕೆ ಬಂದು ನಿಂತಿತು. ಎಲ್ಲರೂ "ನಿಮ್ಮ ಅದೃಷ್ಟ" ಅಂದರು. ನಾನೂ ಹಾಗೇ ಅಂದುಕೊಂಡೆ. ಮನೆ ಕಳೆದುಕೊಂಡವರ ಎದುರು ನನಗೇನು ಕಷ್ಟ ಅಂತ ಬಾಯಿ ಮುಚ್ಚಿಕೊಂಡೆ.

ಮರುವರ್ಷ ತೋರದಲ್ಲಿ ಗುಡ್ಡ ಕುಸಿಯಿತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ನನ್ನ ನಿದ್ದೆ ಪೂರ್ತಿ ಹೋಯಿತು. ಜೂನ್ ಬಂತೆಂದರೆ ರಾತ್ರಿ ನಾಲ್ಕು ಸಲ ಎದ್ದು ಟಾರ್ಚ್ ಹಿಡಿದು ಬರೆ ನೋಡಿಕೊಂಡು ಬರುತ್ತಿದ್ದೆ. ಹಿಂದಿನ ಗೋಡೆಯಲ್ಲಿ ಬಿರುಕು ಬಿಟ್ಟಿದೆಯಾ ಅಂತ ಕತ್ತಲಲ್ಲಿ ಬೆರಳಾಡಿಸಿ ನೋಡುತ್ತಿದ್ದೆ. ಆರ್‌ಟಿಸಿ, ಪಾಸ್‌ಬುಕ್, ಎಲ್ಲರ ಆಧಾರ್ ಕಾರ್ಡ್ ತುಂಬಿದ ಪ್ಲಾಸ್ಟಿಕ್ ಚೀಲ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದೆ. ಅದು ಬೇಸಿಗೆಯಲ್ಲೂ ಅಲ್ಲಿಂದ ಇಳಿಯಲಿಲ್ಲ. ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆಗೆ ಬೆಳೆಗಾರರೆಲ್ಲ ಆಕಾಶ ನೋಡುತ್ತಾ ಕೂರುತ್ತಾರಲ್ವಾ? ನಮ್ಮ ಮನೆಯವರು ಅಂಗಳಕ್ಕೆ ಹೋಗಿ ಮಳೆಗೆ ಕೈಯೊಡ್ಡಿ ನಗುತ್ತಿದ್ದರು. ನಾನು ಒಳಗೆ ಸ್ಟೋರ್ ರೂಮಿನಲ್ಲಿ ಕಿವಿ ಮುಚ್ಚಿಕೊಂಡು ಕೂತಿರುತ್ತಿದ್ದೆ.

ಅತ್ತೆ ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿದರು, ಕೈಗೆ ನೂಲು ಕಟ್ಟಿಸಿದರು. ಅದು ಅವರ ಪ್ರೀತಿ. ಆ ನೂಲು ತುಂಬಾ ದಿನ ನನ್ನ ಕೈಯಲ್ಲೇ ಇತ್ತು. ಆದರೆ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ.

2021ರಲ್ಲಿ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಹತ್ತು ಸೆಷನ್‌ಗೆ ಮೊದಲೇ ದುಡ್ಡು ಕಟ್ಟಬೇಕು ಅಂದರು, ಕಟ್ಟಿದೆ. ಸಿಕ್ಕಿದವರು ದೊಡ್ಡ ಊರಿನ ಹುಡುಗಿ, ಒಳ್ಳೆಯವಳೇ. ಕನ್ನಡ ಬರುತ್ತಿರಲಿಲ್ಲ. ನನಗೆ ಇಂಗ್ಲಿಷ್ ಓದಲು ಬರುತ್ತೆ, ಬ್ಯಾಂಕಿನಲ್ಲಿ ಮಾತಾಡಲು ಬರುತ್ತೆ. ಆದರೆ ಹೊಟ್ಟೆಯೊಳಗಿನ ತಳಮಳವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? 'ಬರೆ' ಅನ್ನುವ ಒಂದು ಪದ ವಿವರಿಸಲು ಹತ್ತು ನಿಮಿಷ ಹೋಯಿತು. ಕೊನೆಗೆ ಅವಳು, ಇದು ಆಧಾರವಿಲ್ಲದ ಭಯ, ಈ ಯೋಚನೆಯನ್ನು ಬದಲಾಯಿಸಿಕೊಳ್ಳಿ ಅಂದಳು. ಜರಿದ ಮಣ್ಣು ನನ್ನ ಅಡುಗೆಮನೆ ಕಿಟಕಿಯಿಂದ ಕಾಣುತ್ತಿತ್ತು. ಮೂರು ಸೆಷನ್ ಆದ ಮೇಲೆ ಬಿಟ್ಟೆ. ಉಳಿದ ದುಡ್ಡು ವಾಪಸ್ ಬರಲಿಲ್ಲ.

ಮುಂದಿನ ವರ್ಷ ಪೇಟೆಯೊಂದರಲ್ಲಿ ಕೌನ್ಸೆಲರ್ ಅಂತ ಬೋರ್ಡ್ ಹಾಕಿಕೊಂಡಿದ್ದ ಒಬ್ಬರ ಹತ್ತಿರ ಹೋದೆ. ಕೂತ ಐದೇ ನಿಮಿಷಕ್ಕೆ ಅವರು "ನೀವು ಯಾವ ಮನೆಯವರು?" ಅಂದರು. ಆಮೇಲೆ, "ಮಳೆ ಕಂಡರೆ ಹೆದರುವವರು ಕೊಡಗಿನಲ್ಲಿ ಬದುಕೋದು ಹೇಗಮ್ಮಾ?" ಅಂದರು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಅಳುತ್ತಾ ಬಂದೆ. ಅವರದು ಕೆಲವೇ ವಾರಗಳ ಸರ್ಟಿಫಿಕೇಟ್ ಕೋರ್ಸ್ ಅಂತ ಗೊತ್ತಾಗಿದ್ದು ಎಷ್ಟೋ ಸಮಯದ ಮೇಲೆ. ಕೇಳಬೇಕು ಅಂತಲೇ ನನಗೆ ಗೊತ್ತಿರಲಿಲ್ಲ.

ಈ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಏಕೆಂದರೆ ನಂಬರ್ ಕೇಳಿದ ಏಳು ಜನರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ, ಮನೋರೋಗದಲ್ಲಿ ಮುಂದೆ ಓದಿದ ಡಾಕ್ಟರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಇವರಲ್ಲಿ ಎಂ.ಫಿಲ್ ಮಾಡಿದವರು ಜಾಸ್ತಿ. ಇವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಆಗಿರಬೇಕು, ಒಂದು ನಂಬರ್ ಇರುತ್ತೆ. ಆ ನಂಬರ್ ಕೇಳಿ. ನಾಚಿಕೆ ಬೇಡ. ಗೊಬ್ಬರ ತಗೊಳ್ಳುವಾಗ ಚೀಲದ ಮೇಲಿನ ಅಚ್ಚು ಓದುತ್ತೇವೆ, ಮನಸ್ಸು ಒಪ್ಪಿಸುವಾಗ ಯಾಕೆ ಓದಬಾರದು? ಕೌನ್ಸೆಲರ್ ಅನ್ನುವ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಚೆನ್ನಾಗಿ ಓದಿ, ವರ್ಷಗಟ್ಟಲೆ ಕೆಲಸ ಮಾಡಿದ ಕೌನ್ಸೆಲರ್‌ಗಳೂ ಇದ್ದಾರೆ. ಎಲ್ಲಿ ಓದಿದ್ದೀರಿ ಅಂದರೆ ಅಂಥವರು ಸಂತೋಷದಿಂದಲೇ ಹೇಳುತ್ತಾರೆ. ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಕೂರಲೇಬೇಡಿ.

ನನಗೆ ಸರಿಯಾದ ದಾರಿ ಸಿಕ್ಕಿದ್ದು 2023ರ ಜೂನಿನಲ್ಲಿ. ರಾತ್ರಿ ಎರಡು ಗಂಟೆ, ಟಾರ್ಚ್ ಕೈಯಲ್ಲಿತ್ತು, ಕೈ ನಡುಗುತ್ತಿತ್ತು. ಎಲ್ಲೋ ಓದಿ ಬರೆದಿಟ್ಟುಕೊಂಡಿದ್ದ 14416ಕ್ಕೆ ಫೋನ್ ಮಾಡಿದೆ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ್ದು. ಇಪ್ಪತ್ನಾಲ್ಕು ಗಂಟೆಯೂ ಇರುತ್ತೆ, ದುಡ್ಡಿಲ್ಲ. ಕನ್ನಡಕ್ಕೆ ಒತ್ತಿದೆ. ಆ ಕಡೆಯ ಹೆಣ್ಣುಮಗಳು ಮೊದಲು ಕೇಳಿದ್ದು, "ಅಕ್ಕಾ, ನೀವೀಗ ಸುರಕ್ಷಿತವಾದ ಜಾಗದಲ್ಲಿ ಇದ್ದೀರಾ?" ಮನೆ ಹೆಸರು ಕೇಳಲಿಲ್ಲ. ಇಪ್ಪತ್ತು ನಿಮಿಷ ಮಾತಾಡಿದೆ. ಐದು ವರ್ಷದಲ್ಲಿ ಮೊದಲ ಸಲ ಪೂರ್ತಿ ಹೇಳಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ, ಒಮ್ಮೆ ತೋರಿಸಿ ಅಂದರು.

ಆಗಲೂ ನಾನು "ಮಡಿಕೇರಿ ಬೇಡ" ಅಂದೆ. ಮೈಸೂರಿಗೆ ಹೋಗುತ್ತೇನೆ ಅಂದೆ. ಮೈಸೂರು ಅಂದರೆ ಒಂದು ಹಗಲು ಪೂರ್ತಿ ಹೋಗುತ್ತೆ, ಮಡಿಕೇರಿಯಿಂದಲೇ ನೂರಿಪ್ಪತ್ತು ಕಿಲೋಮೀಟರ್. ನಮ್ಮ ಜಿಲ್ಲೆಗೆ ರೈಲೂ ಇಲ್ಲ. ತಿಂಗಳಿಗೆ ಎರಡು ಸಲ ಹೀಗೆ ಹೋದರೆ ಮನೆಯಲ್ಲಿ ಏನಂತ ಹೇಳಲಿ? ಕೊನೆಗೆ ನಮ್ಮ ಮನೆಯವರೇ, "ನಾನೂ ಬರ್ತೀನಿ, ಯಾರು ನೋಡಿದರೂ ನೋಡಲಿ" ಅಂದರು. ಮಡಿಕೇರಿಗೇ ಹೋದೆವು.

ನೋಡಿದರು. ಚೀಟಿ ಮಾಡಿಸುವ ಕ್ಯೂನಲ್ಲೇ ಪರಿಚಯದ ಆಂಟಿಯೊಬ್ಬರು ಸಿಕ್ಕಿದರು. "ಏನು ಈ ಕಡೆ?" ಅಂದರು. ನನ್ನ ಬಾಯಿ ಒಣಗಿತು. "ನಿದ್ದೆ ಬರ್ತಿಲ್ಲ ಆಂಟಿ, ತೋರಿಸೋಣ ಅಂತ" ಅಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಕೈಚೀಲ ಸರಿಸಿ ಪಕ್ಕದಲ್ಲಿ ಜಾಗ ಕೊಟ್ಟು, "ನಾನೂ ಅದಕ್ಕೇ ಬಂದಿದ್ದು" ಅಂದರು.

ಡಾಕ್ಟರು ಮಾತ್ರೆ ಬರೆದುಕೊಟ್ಟರು. ಇದು ಜ್ವರದ ಮಾತ್ರೆ ತರ ಅಲ್ಲ, ಕೆಲಸ ಶುರುವಾಗಲು ಎರಡು ಮೂರು ವಾರ ಬೇಕು, ಆರಾಮ ಆಯಿತು ಅಂತ ನೀವಾಗಿ ನಿಲ್ಲಿಸಬೇಡಿ ಅಂದರು. ಜೊತೆಗೆ ಮಾತಿನ ಚಿಕಿತ್ಸೆಯೂ ಬೇಕು ಅಂದರು. ಹಾಗೆ ಹುಡುಕಿ ಸಿಕ್ಕಿದವರು ಮೈಸೂರಿನಲ್ಲಿರುವ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್. ಆನ್‌ಲೈನಿನಲ್ಲೇ ನೋಡುತ್ತಾರೆ. ನೋಂದಣಿ ನಂಬರ್ ಕೇಳಿದೆ, ತಕ್ಷಣ ವಾಟ್ಸಾಪ್ ಮಾಡಿದರು. ಅವರು ಹುಟ್ಟಿ ಬೆಳೆದಿದ್ದು ಮಲೆನಾಡಿನಲ್ಲಿ. ಮೊದಲ ದಿನ ಅವರು ಕೇಳಿದ ಪ್ರಶ್ನೆ ನನಗೆ ಸಾಯುವವರೆಗೂ ನೆನಪಿರುತ್ತೆ. "ನಿಮ್ಮ ಮನೆ ಬರೆಯ ಮೇಲಿದೆಯಾ, ಕೆಳಗಿದೆಯಾ?"

ನನಗೆ ಬೇಕಾಗಿದ್ದದ್ದು ಇಷ್ಟೇ. ನಮ್ಮ ಮನೆ ಗೊತ್ತಿಲ್ಲದ, ಆದರೆ ನಮ್ಮ ಮಳೆ ಗೊತ್ತಿರುವ ಒಬ್ಬರು. ಮನೆ ಗೊತ್ತಿದ್ದವರ ಎದುರು ಬಾಯಿ ಬಿಡಲು ಆಗಲಿಲ್ಲ. ಮಳೆ ಗೊತ್ತಿಲ್ಲದವರಿಗೆ ಎಷ್ಟು ಹೇಳಿದರೂ ಅರ್ಥ ಆಗಲಿಲ್ಲ. ಆನ್‌ಲೈನ್ ಒಳ್ಳೆಯದಾ, ಹತ್ತಿರದವರು ಒಳ್ಳೆಯದಾ ಅಂತ ಕೇಳುವವರಿಗೆ ನಾನು ಹೇಳುವುದೂ ಇದನ್ನೇ. ಕಿಲೋಮೀಟರ್ ಲೆಕ್ಕ ಬಿಡಿ. ನಿಮ್ಮ ಭಾಷೆಯಲ್ಲಿ ಅಳಲು ಆಗುತ್ತಾ, ನಿಮ್ಮ ಊರಿನ ಬದುಕು ಅವರಿಗೆ ಗೊತ್ತಾ, ನೋಡಿ. ಎರಡು ಮೂರು ಸಲ ಮಾತಾಡಿಯೂ ಸರಿ ಬರಲಿಲ್ಲ ಅಂದರೆ ಬೇರೆಯವರನ್ನು ನೋಡಿ. ಅದರಲ್ಲಿ ಅವರಿಗೂ ಅವಮಾನ ಇಲ್ಲ, ನಿಮ್ಮ ತಪ್ಪೂ ಇಲ್ಲ. ಮೊದಲೇ ಹತ್ತು ಸೆಷನ್ನಿನ ದುಡ್ಡು ಮಾತ್ರ ಕಟ್ಟಬೇಡಿ.

ನಮ್ಮ ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. ಮನೆಯೊಳಗೆ ಗುಟ್ಟಿನ ಮಾತಿಗೆ ಜಾಗವೂ ಇಲ್ಲ. ಹಾಗಾಗಿ ಹದಿನೈದು ದಿನಕ್ಕೊಮ್ಮೆ, ಬುಧವಾರ ಮೂರು ಗಂಟೆಗೆ, ಕಾರನ್ನು ಮೇಲಿನ ತಿರುವಿನಲ್ಲಿ ನಿಲ್ಲಿಸಿ, ಗಾಜು ಏರಿಸಿ ಕೂರುತ್ತಿದ್ದೆ. ಐವತ್ತು ನಿಮಿಷ, ಸಾವಿರ ರೂಪಾಯಿ. ಜುಲೈಯಲ್ಲಿ ಒಂದು ದಿನ ಮಾತಾಡುತ್ತಿರುವಾಗಲೇ ಜೋರು ಮಳೆ ಹಿಡಿಯಿತು. ಕಾರಿನ ತಗಡಿನ ಮೇಲೆ ಮಳೆ ಬೀಳುವ ಸದ್ದು ಗೊತ್ತಲ್ವಾ, ತಲೆಯ ಮೇಲೇ ಕಲ್ಲು ಸುರಿದ ಹಾಗೆ. ನಾನು ಫೋನ್ ಇಡುತ್ತೇನೆ ಅಂದೆ. ಅವರು, "ಬೇಡ. ನನಗೂ ಕೇಳಿಸ್ತಾ ಇದೆ. ಇಬ್ಬರೂ ಕೇಳೋಣ" ಅಂದರು. ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದುಕೊಂಡೆ. ಉಸಿರು ಎಣಿಸಿದೆವು. ಹನ್ನೊಂದು ನಿಮಿಷಕ್ಕೆ ನನ್ನ ಬೆರಳು ತಾನಾಗಿ ಸಡಿಲ ಆಯಿತು. ಮಳೆ ಆಗಲೂ ಸುರಿಯುತ್ತಿತ್ತು.

ಬಾಗಿಲ ಪಕ್ಕದ ಆ ಚೀಲವನ್ನು ತೆಗೆಯಲು ಅವರು ಯಾವತ್ತೂ ಹೇಳಲಿಲ್ಲ. "ಚೀಲ ಇರಲಿ, ನಿಮ್ಮ ಕಡೆ ಅದು ಬೇಕೇ ಬೇಕು. ರಾತ್ರಿ ನಾಲ್ಕು ಸಲ ಏಳುವುದನ್ನು ಮೂರಕ್ಕೆ ಇಳಿಸೋಣ" ಅಂದರು. ಆಮೇಲೆ ಎರಡಾಯಿತು. ಈಗ ರೆಡ್ ಅಲರ್ಟ್ ಇದ್ದ ದಿನ ಮಾತ್ರ, ಒಂದು ಸಲ, ನಮ್ಮ ಮನೆಯವರ ಜೊತೆ ಹೋಗಿ ನೋಡಿ ಬಂದು ಮಲಗುತ್ತೇನೆ.

2017ರ ಮಾನಸಿಕ ಆರೋಗ್ಯ ಕಾಯ್ದೆ ಬಗ್ಗೆಯೂ ಒಂದು ಮಾತು. ಚಿಕಿತ್ಸೆಯ ವಿಷಯ ಗುಟ್ಟಾಗಿ ಇರಬೇಕು ಅನ್ನುವುದು ಅದರ ಪ್ರಕಾರ ನಮ್ಮ ಹಕ್ಕು. ಸಾಯಲು ಪ್ರಯತ್ನ ಪಟ್ಟವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತ ನೋಡಬೇಕೇ ಹೊರತು ಶಿಕ್ಷಿಸಬಾರದು ಅಂತ ಅದರ 115ನೇ ಸೆಕ್ಷನ್ ಹೇಳುತ್ತೆ. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಆಸ್ಪತ್ರೆಗೆ ಕರೆದುಕೊಂಡು ಹೋಗದೆ ಮನೆಯಲ್ಲೇ ಇಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತೆ. ನಾನು ಕಾರಿದ್ದವಳು, ತಿಂಗಳಿಗೆ ಎರಡು ಸಾವಿರ ಹೊಂದಿಸಿದವಳು. ಲೈನ್ ಮನೆಯಲ್ಲಿ, ಅಂದರೆ ತೋಟದ ಸಾಲುಮನೆಗಳಲ್ಲಿ ಇರುವ ಕೆಲಸದವರು ಏನು ಮಾಡಬೇಕು? 2018ರ ಮಣ್ಣು ಅವರನ್ನು ಬಿಟ್ಟಿತ್ತಾ? ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಆನೆ ಎದುರಾಗುವುದೂ ಮೊದಲು ಅವರಿಗೇ. ಅಸ್ಸಾಮಿನಿಂದ ಬಂದವರು ಎಷ್ಟೊಂದು ಜನ ಇದ್ದಾರೆ, ಅವರ ಮಾತು ಕೇಳುವವರು ಯಾರು? 14416ರಲ್ಲಿ ಇಪ್ಪತ್ತು ಭಾಷೆ ಇದೆ, ಅಸ್ಸಾಮಿಯೂ ಇದೆ. ತೋಟದ ಮಾಲೀಕರು ಲೈನ್ ಮನೆ ಗೋಡೆಯ ಮೇಲೆ ಈ ಐದು ಅಂಕಿ ದೊಡ್ಡದಾಗಿ ಬರೆಸಿದರೆ ಬಣ್ಣದ ಖರ್ಚು ಎಷ್ಟಾದೀತು? ನಾವು ನಮ್ಮ ಕಣದ ಗೋಡೆಗೆ ಬರೆಸಿದ್ದೇವೆ. ಹಾಗೇ, ಸಂಜೆಯಾದರೆ ಮಾತಿಲ್ಲದೆ ಗ್ಲಾಸು ಹಿಡಿದು ಕೂರುವ ನಮ್ಮ ಗಂಡಸರಿಗೂ ಆ ನಂಬರ್ ಬೇಕು. ನಮ್ಮಲ್ಲಿ ಕುಡಿಯುವುದು ಮಾಮೂಲಿ ಅನ್ನುವ ಮಾತಿನ ಹಿಂದೆ ಎಷ್ಟು ಜನರ ನೋವು ಮುಚ್ಚಿಹೋಗಿದೆಯೋ.

ಆ ಹುಡುಗಿಗೆ ನಂಬರ್ ಕೊಟ್ಟೆ. ಆಮೇಲೆ ಅವಳು ಕೇಳಿದ್ದು, "ಚಿಕ್ಕಮ್ಮಾ, ಮಾತಾಡೋದು ಎಲ್ಲಿ ಕೂತು? ಮನೆಯಲ್ಲಿ ಎಲ್ಲರೂ ಇರ್ತಾರೆ." ನನಗೆ ಆ ಮೇಲಿನ ತಿರುವು ನೆನಪಾಯಿತು.

ನಮ್ಮ ಕಣದ ಪಕ್ಕ ಕಾಫಿ ಮೂಟೆ ಇಡುವ ಒಂದು ಕೋಣೆ ಇದೆ. ಕೊಯ್ಲು ಮುಗಿದು ಕಾಫಿ ಕೊಟ್ಟ ಮೇಲೆ ಖಾಲಿಯೇ ಇರುತ್ತೆ. ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತೆ. ಈ ವಾರ ಗುಡಿಸಿ, ಒಂದು ಮೇಜು, ಕುರ್ಚಿ, ನೀರಿನ ಹೂಜಿ ಇಟ್ಟಿದ್ದೇನೆ. ಒಳಗಿನಿಂದ ಚಿಲಕ ಇದೆ. ಸುತ್ತಮುತ್ತಲಿನವರು ಯಾರಿಗಾದರೂ ಒಂದು ಗಂಟೆ ಕೂತು ಮಾತಾಡಲು ಜಾಗ ಬೇಕಾದರೆ ಇನ್‌ಬಾಕ್ಸಿಗೆ ದಿನ, ಹೊತ್ತು ಎರಡೇ ಬರೆಯಿರಿ. ಕೀಲಿ ಹಲಸಿನ ಮರದ ಮೊಳೆಯಲ್ಲಿ ಇರುತ್ತೆ. ಸೋಮವಾರ ಅವಳು ಬರುತ್ತಾಳೆ, ಬುಧವಾರ ಮೂರು ಗಂಟೆ ನನ್ನದು. ಉಳಿದ ದಿನ ಖಾಲಿ ಇದೆ.