'ನಂತರ ನೆನಪಿಸು' ಎಂಬ ಗುಂಡಿ

ಅಪ್‌ಡೇಟ್ ಬಂದಿದೆ ಎಂಬ ಸೂಚನೆ ಲ್ಯಾಪ್‌ಟಾಪಿನ ಮೂಲೆಯಲ್ಲಿ ಇಣುಕಿದಾಗಲೆಲ್ಲ ನಾನು 'ನಂತರ ನೆನಪಿಸು' ಒತ್ತುತ್ತಿದ್ದೆ. ಸಾಲ ವಸೂಲಿಗೆ ಬಂದವನನ್ನು ಸಾಗಹಾಕುವ ಹಾಗೆ ಮೂರು ತಿಂಗಳು ಸಾಗಹಾಕಿದೆ. ಕೊನೆಗೆ, ತುರ್ತಾಗಿ ವರದಿ ಕಳಿಸಬೇಕಿದ್ದ ದಿನವೇ ಅದು ತಾನಾಗಿ ಆರಿ, ಹೊತ್ತಿ, ಶೇ 27ಕ್ಕೆ ಬಂದು ನಿಂತುಬಿಟ್ಟಿತು. ನಲವತ್ತು ನಿಮಿಷ! ಬೈಗುಳ ತಿಂದದ್ದು ಕಂಪ್ಯೂಟರ್, ತಪ್ಪು ಮಾಡಿದ್ದು ನಾನು.

ಅಪ್‌ಡೇಟ್ ಮಾಡಿದರೆ ಕಂಪ್ಯೂಟರ್ ಕುದುರೆಯಂತೆ ಓಡುತ್ತದೆ ಎನ್ನುವವರ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಬ್ರೌಸರ್, ಪರದೆಯ ಚಿತ್ರ ನಡೆಸುವ ಗ್ರಾಫಿಕ್ಸ್ ಡ್ರೈವರ್‌ಗಳ ವಿಷಯದಲ್ಲಿ ಅದು ಹಲವು ಸಲ ನಿಜ. ಆದರೆ 2018ರ ಜನವರಿಯಲ್ಲಿ ಪ್ರೊಸೆಸರ್‌ಗಳ ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳು ಬಯಲಾದಾಗ, ಅವುಗಳಿಗೆ ಹಾಕಿದ ತೇಪೆಯೇ, ಅಂದರೆ ದೋಷ ಮುಚ್ಚುವ ಅಪ್‌ಡೇಟೇ, ಕೆಲವು ಕೆಲಸಗಳನ್ನು ನಿಧಾನವಾಗಿಸಿತು. ಇನ್ನು ಡಿಸ್ಕ್ ತುಂಬಿ ತುಳುಕುತ್ತಿದ್ದರೆ ಯಾವ ಅಪ್‌ಡೇಟೂ ಉದ್ಧಾರ ಮಾಡುವುದಿಲ್ಲ.

ಸುರಕ್ಷತೆಯ ಮಾತು ಬೇರೆ. ತೇಪೆ ಹಾಕಿದ ಕೂಡಲೇ ತೂತು ಎಲ್ಲಿತ್ತೆಂದು ಊರಿಗೆಲ್ಲ ಗೊತ್ತಾಗುತ್ತದೆ, ಇದು ಬಹಳ ಜನರಿಗೆ ಹೊಳೆಯುವುದಿಲ್ಲ. ಹಳೆಯ ಫೈಲನ್ನೂ ಹೊಸ ಫೈಲನ್ನೂ ಪಕ್ಕದಲ್ಲಿಟ್ಟು ನೋಡುವ ಚಾಣಾಕ್ಷ ಕಳ್ಳನಿಗೆ ಏನು ಬದಲಾಗಿದೆ ಎಂಬುದೇ ದಾರಿ ತೋರಿಸುತ್ತದೆ. ಅಂದಿನಿಂದ ಅಪಾಯವೆಲ್ಲ ಅಪ್‌ಡೇಟ್ ಮಾಡದೆ ಕುಳಿತವರದು.

ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶ ನೆನಪಿದೆಯೇ? ಅದು ಬಳಸಿಕೊಂಡ ವಿಂಡೋಸ್‌ನ ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಏಪ್ರಿಲ್‌ನಲ್ಲಿ, ಅದರೊಳಗೆ ನುಗ್ಗುವ ಸಾಧನವೇ ಅಂತರ್ಜಾಲದಲ್ಲಿ ಸೋರಿಹೋಯಿತು. ಮೇ 12ರಂದು ದಾಳಿ ನಡೆಯಿತು. ಸುಮಾರು 150 ದೇಶಗಳ ಕಂಪ್ಯೂಟರ್‌ಗಳಲ್ಲಿ ಕಡತಗಳಿಗೆ ಬೀಗ ಬಿತ್ತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ತೇಪೆಗೂ ದಾಳಿಗೂ ನಡುವೆ 59 ದಿನ. ನಾನು ಗುಂಡಿ ಒತ್ತುತ್ತಾ ಕಳೆದದ್ದು ಅದಕ್ಕಿಂತ ಹೆಚ್ಚು.

ಅಪ್‌ಡೇಟೇ ಕಂಟಕವಾಗುವುದಿಲ್ಲವೇ ಎಂದು ಕೇಳುವಿರಿ. ಆಗುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರಿತ ಫೈಲ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು, ಕೆಟ್ಟು ನಿಂತಾಗ ಕಾಣುವ ನೀಲಿ ಪರದೆಗೆ ತಂದು ನಿಲ್ಲಿಸಿತು, ವಿಮಾನಗಳು ನೆಲ ಬಿಡಲಿಲ್ಲ. ಹಾಗಾಗಿ ಇಡೀ ಆವೃತ್ತಿಯೇ ಬದಲಾಗುವ ದೊಡ್ಡ ಅಪ್‌ಡೇಟ್‌ಗೆ ನಾನು ಒಂದೆರಡು ವಾರ ಕಾಯುತ್ತೇನೆ, ಕಡತಗಳ ಪ್ರತಿ ತೆಗೆದಿಟ್ಟುಕೊಳ್ಳುತ್ತೇನೆ. ಸುರಕ್ಷತೆಯ ತೇಪೆಯನ್ನು ಮಾತ್ರ ಅಂದೇ ರಾತ್ರಿ, ಮಲಗುವ ಮುಂಚೆ ಹಾಕಿಬಿಡುತ್ತೇನೆ. ಶೇ 27ಕ್ಕೆ ನಿಂತರೂ ನೋಡುವವರು ಯಾರೂ ಇರುವುದಿಲ್ಲ.

ನನ್ನ ಬಳಿ ವಿಂಡೋಸ್ 10ರ ಹಳೆಯ ಕಂಪ್ಯೂಟರ್ ಒಂದಿದೆ. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿಯಿತು. ಗಟ್ಟಿಮುಟ್ಟಾಗಿರುವ ಯಂತ್ರವನ್ನು ಹೀಗೆ ಕೈಬಿಡುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆಮೇಲೂ ಸುರಕ್ಷತೆಯ ತೇಪೆ ಕೊಡುವ ವಿಸ್ತರಿತ ಬೆಂಬಲಕ್ಕೆ ನಾನು ಹೆಸರು ನೋಂದಾಯಿಸಲಿಲ್ಲ, ಅದೂ ಸೋಮಾರಿತನವೇ. ಹಾಗಾಗಿ ಅಲ್ಲಿ ಈಗ ಮೂಲೆಯಿಂದ ಏನೂ ಇಣುಕುವುದಿಲ್ಲ. ಕಳೆದ ವಾರ ಅದರ ವೈಫೈ ಆರಿಸಿದೆ. ಹಳೆಯ ಫೋಟೋ ನೋಡಬೇಕೆನಿಸಿದಾಗ ಮಾತ್ರ ತೆರೆಯುತ್ತೇನೆ.